ಹೊಸ ಕಾರು ಆಯಿಲ್ ಕುಡಿಯುತ್ತಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:
ನನ್ನದು ಟರ್ಬೊ ಪೆಟ್ರೋಲ್ ಕಾರು. ತೆಗೆದುಕೊಂಡು ಮೂರು ವರ್ಷ ಇನ್ನೂ ತುಂಬಿಲ್ಲ. ಸರ್ವಿಸ್ ಒಂದೂ ತಪ್ಪಿಸಿಲ್ಲ. ಆದರೂ ಮುಂದಿನ ಸರ್ವಿಸ್ ಬರುವ ಎಷ್ಟೋ ಮೊದಲೇ ಆಯಿಲ್ ಡಿಪ್‌ಸ್ಟಿಕ್‌ನ ಕೆಳಗಿನ ಗೆರೆಗೆ ಇಳಿದಿರುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಸೈಲೆನ್ಸರ್‌ನಲ್ಲಿ ಹೊಗೆಯೂ ಇಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ "ಇದೆಲ್ಲ ನಾರ್ಮಲ್ ಸರ್, ಟಾಪ್ ಅಪ್ ಮಾಡಿ ಓಡಿಸಿ" ಅನ್ನುತ್ತಾರೆ. ವಾರಂಟಿ ಮುಗಿಯಲು ಜಾಸ್ತಿ ಸಮಯ ಇಲ್ಲ. ಇಂಥದ್ದು ಅನುಭವಿಸಿದವರು ಏನು ಮಾಡಿದಿರಿ?

ವಾರಂಟಿಯಲ್ಲಿ ರಿಂಗ್ ಬದಲಾಯಿಸಿಕೊಂಡವರು:
ನನ್ನ ಕಾರಿನದೂ ಇದೇ ಕಥೆ. ಕೊನೆಗೆ ವಾರಂಟಿಯಲ್ಲೇ ಪಿಸ್ಟನ್, ಅದರ ಸುತ್ತ ಕೂರುವ ರಿಂಗ್ ಎಲ್ಲ ಹೊಸದು ಹಾಕಿಕೊಟ್ಟರು. ವಾದಕ್ಕೆ ಅವರು ಬಗ್ಗಲಿಲ್ಲ, ಲೆಕ್ಕಕ್ಕೆ ಬಗ್ಗಿದರು.

"ಆಯಿಲ್ ಕುಡಿಯುತ್ತದೆ" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಷ್ಟು ಕಿಲೋಮೀಟರಿಗೆ ಎಷ್ಟು ಅಂತ ಹೇಳಬೇಕು. ಅದಕ್ಕೆ ಸಮತಟ್ಟಾದ ಒಂದೇ ಜಾಗ ಆರಿಸಿಕೊಳ್ಳಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಐದು-ಹತ್ತು ನಿಮಿಷ ಬಿಡಿ. ಮೇಲಿರುವ ಆಯಿಲ್ ಎಲ್ಲ ಎಂಜಿನ್ ತಳದ ಚೇಂಬರ್‌ಗೆ ಇಳಿಯಬೇಕಲ್ವಾ. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ, ಎರಡನೇ ಸಲ ತೆಗೆದಾಗ ನೋಡಿ. ಅದರ ಫೋಟೊ, ಜೊತೆಗೆ ಓಡೋಮೀಟರ್‌ದೂ ಒಂದು ಫೋಟೊ. ಎರಡು ಗೆರೆಗಳ ನಡುವೆ ಬಹಳಷ್ಟು ಕಾರುಗಳಲ್ಲಿ ಸುಮಾರು 1 ಲೀಟರ್ ಹಿಡಿಯುತ್ತದೆ. ನಿಮ್ಮ ಕಾರಿನದು ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಟಾಪ್ ಅಪ್ ಮಾಡುವಾಗ ಅಳತೆ ಪಾತ್ರೆಯಿಂದಲೇ ಹಾಕಿ. ಡಬ್ಬಿಯಿಂದ ಸುಮ್ನೆ ಸುರಿದರೆ ಲೆಕ್ಕ ಅಲ್ಲಿಗೇ ಕೆಟ್ಟಿತು.

ಇನ್ನು ಆ "ನಾರ್ಮಲ್" ವಿಷಯ. ಅವರು ಸುಳ್ಳು ಹೇಳುತ್ತಿಲ್ಲ. ಎಷ್ಟೋ ಕಂಪನಿಗಳ ಮ್ಯಾನ್ಯುಯಲ್‌ನಲ್ಲಿ 1,000 ಕಿಲೋಮೀಟರಿಗೆ ಅರ್ಧ ಲೀಟರ್‌ವರೆಗೆ, ಕೆಲವದರಲ್ಲಿ 1 ಲೀಟರ್‌ವರೆಗೂ ಖರ್ಚಾಗಬಹುದು ಅಂತ ಬರೆದೇ ಇರುತ್ತದೆ. ಆದರೆ ಸ್ವಲ್ಪ ಲೆಕ್ಕ ಹಾಕಿ. ಸಾವಿರಕ್ಕೆ 1 ಲೀಟರ್ ಅಂದರೆ 10,000 ಕಿಲೋಮೀಟರ್ ಸರ್ವಿಸ್ ಬರುವಷ್ಟರಲ್ಲಿ 10 ಲೀಟರ್ ಸುರಿದಿರುತ್ತೀರಿ. ಸಣ್ಣ ಎಂಜಿನ್‌ನಲ್ಲಿ ಒಟ್ಟು ಹಿಡಿಯುವುದೇ 4 ಲೀಟರ್ ಆಸುಪಾಸು! ನನ್ನ ಪ್ರಕಾರ ಆ ಮಿತಿ ಕ್ಲೇಮ್ ತಳ್ಳಿಹಾಕಲು ಬರೆದದ್ದು. ಎಂಜಿನ್ ಚೆನ್ನಾಗಿದೆ ಅನ್ನಲು ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಮೊದಲ ಕೆಲವು ಸಾವಿರ ಕಿಲೋಮೀಟರ್, ಹೊಸ ರಿಂಗ್ ಸಿಲಿಂಡರ್‌ಗೆ ಒಗ್ಗಿ ಕೂರುವ ತನಕ, ಸ್ವಲ್ಪ ಜಾಸ್ತಿ ಹೋಗುವುದು ಸಹಜ. ಆಮೇಲೆ ಕಡಿಮೆಯಾಗಬೇಕು. ಏರುತ್ತಲೇ ಹೋದರೆ ಏನೋ ಆಗಿದೆ ಅಂತಲೇ.

ಈಗ ಮಾಡಬೇಕಾದ್ದು ಇಷ್ಟು: "ಆಯಿಲ್ ಕನ್ಸಂಪ್ಶನ್ ಟೆಸ್ಟ್ ಮಾಡಿ" ಅಂತ ಬರಹದಲ್ಲಿ ಕೇಳಿ. ಹಳೇ ಆಯಿಲ್ ಇಳಿಸಿ, ಹೊಸದನ್ನು ಅಳೆದು ಹಾಕಿ, ಡ್ರೈನ್ ಬೋಲ್ಟ್, ಫಿಲ್ಟರ್, ಮುಚ್ಚಳ ಎಲ್ಲಕ್ಕೂ ಸೀಲ್ ಅಥವಾ ಪೇಂಟ್ ಗುರುತು ಹಾಕುತ್ತಾರೆ. ಅವರು ಹೇಳಿದಷ್ಟು ದೂರ ಓಡಿಸಿ ವಾಪಸ್ ಹೋದರೆ ಎಷ್ಟು ಉಳಿದಿದೆ ಅಂತ ಅಳೆಯುತ್ತಾರೆ. ಜಾಬ್ ಕಾರ್ಡ್‌ನಲ್ಲಿ "ಆಯಿಲ್ ಕಡಿಮೆಯಾಗುತ್ತಿದೆ" ಅಂತ ನಿಮ್ಮ ಮಾತಲ್ಲೇ ಬರೆಸಿ. "ಜನರಲ್ ಚೆಕಪ್" ಅಂತ ಬರೆದರೆ ಸಹಿ ಹಾಕಬೇಡಿ. ಟೆಸ್ಟ್‌ನಲ್ಲಿ ಈಗ ಮಿತಿಯೊಳಗೆ ಬಂದರೂ ಪರವಾಗಿಲ್ಲ. ದೂರು ವಾರಂಟಿ ಇದ್ದಾಗಲೇ ದಾಖಲಾಗಿರುತ್ತದೆ, ಮುಂದೆ ಬೇಕಾಗುತ್ತದೆ.

ಇಂಥ ಟೆಸ್ಟ್‌ಗೆ ಬೆಲೆ ಇದೆಯಾ ಅಂತ ಅನುಮಾನ ಇದ್ದರೆ, ಟೊಯೋಟಾದ 2.4 ಲೀಟರ್ 2ಎಝಡ್-ಎಫ್‌ಇ ಎಂಜಿನ್ ಕಥೆ ಕೇಳಿ. ಅಮೆರಿಕದಲ್ಲಿ ಇದೇ ದೂರು ಜಾಸ್ತಿ ಬಂದಾಗ ಕಂಪನಿ ವಾರಂಟಿ ವಿಸ್ತರಿಸಿತು. ಟೆಸ್ಟ್‌ನಲ್ಲಿ 1,200 ಮೈಲಿಗೆ 1 ಕ್ವಾರ್ಟ್‌ಗಿಂತ (ಸುಮಾರು 0.95 ಲೀಟರ್) ಜಾಸ್ತಿ ಹೋದವರಿಗೆ ಪಿಸ್ಟನ್, ರಿಂಗ್ ಬದಲಿಸಿಕೊಟ್ಟಿತು. ಕಿಲೋಮೀಟರ್ ಲೆಕ್ಕದಲ್ಲಿ ಅದು ಸಾವಿರಕ್ಕೆ ಅರ್ಧ ಲೀಟರ್ ಹತ್ತಿರ.

ಗ್ಯಾರೇಜ್ ಕೆಲಸದವರು:
ಮೇಲಿನವರು ಹೇಳಿದ್ದು ಸರಿ. ಆದರೆ ಎಂಜಿನ್ ಬಿಚ್ಚುವ ಮಾತು ಬರುವ ಮೊದಲು ಸಣ್ಣ ಸಣ್ಣದನ್ನು ನೋಡಿಬಿಡಿ.

ನೆಲಕ್ಕೆ ಹನಿ ಬೀಳದಿದ್ದರೆ ಲೀಕ್ ಇಲ್ಲ ಅಂತಲ್ಲ ಸರ್. ಈಗಿನ ಕಾರುಗಳಿಗೆ ಹೊಟ್ಟೆ ಕೆಳಗೆ ಪ್ಲಾಸ್ಟಿಕ್ ಕವರ್ ಇರುತ್ತದೆ. ಸೋರಿದ್ದೆಲ್ಲ ಅದರ ಮೇಲೇ ನಿಂತಿರುತ್ತದೆ. ಅದನ್ನು ಬಿಚ್ಚಿಸಿ ನೋಡಿ. ವಾಲ್ವ್ ಕವರ್ ಗ್ಯಾಸ್ಕೆಟ್, ಫಿಲ್ಟರ್ ಕೂರುವ ಜಾಗ, ಕ್ರ್ಯಾಂಕ್ ಸೀಲ್, ಇಷ್ಟು ಕಡೆ ಕೈ ಆಡಿಸಿದರೆ ಗೊತ್ತಾಗುತ್ತದೆ.

ಆಮೇಲೆ ಪಿಸಿವಿ ವಾಲ್ವ್. ಎಂಜಿನ್ ಒಳಗೆ ತುಂಬುವ ಗಾಳಿಯನ್ನು ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ, ಅಂದರೆ ಇನ್‌ಟೇಕ್‌ಗೆ, ವಾಪಸ್ ಕಳಿಸುವ ಸಣ್ಣ ಭಾಗ ಅದು. ಅದು ತೆರೆದೇ ಉಳಿದರೆ ಗಾಳಿ ಜೊತೆ ಆಯಿಲನ್ನೂ ಎಳೆದುಕೊಂಡು ಸುಡುತ್ತದೆ. ದೊಡ್ಡ ಕೆಲಸಕ್ಕೆ ಹೋಲಿಸಿದರೆ ಇದನ್ನು ಬದಲಿಸುವುದು ಏನೂ ಅಲ್ಲ. ಟರ್ಬೊ ಗಾಡಿ ಆದ್ದರಿಂದ, ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪ್ ಕೂಡ ಬಿಚ್ಚಿಸಿ. ಒಳಗೆ ತೆಳುವಾಗಿ ಜಿಡ್ಡು ಇದ್ದರೆ ಚಿಂತೆ ಬೇಡ, ಆಯಿಲ್ ನಿಂತಿದ್ದರೆ ಟರ್ಬೊ ಸೀಲ್ ಮೇಲೂ ಪಿಸಿವಿ ಮೇಲೂ ಅನುಮಾನ.

ಹೊಗೆ ನೋಡುವ ಕ್ರಮ ಹೇಳುತ್ತೇನೆ. ರಾತ್ರಿಯೆಲ್ಲ ನಿಂತ ಗಾಡಿ ಸ್ಟಾರ್ಟ್ ಆದ ಕೂಡಲೇ ಒಂದು ಸಲ ನೀಲಿ ಹೊಗೆ ಬಿಟ್ಟು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್. ಆಕ್ಸಿಲರೇಟರ್ ಒತ್ತಿ ಎಳೆಯುವಾಗಲೆಲ್ಲ ಬಂದರೆ ಸಾಮಾನ್ಯವಾಗಿ ರಿಂಗ್. ಹೊಗೆ ಕಾಣದಿದ್ದರೂ ಆಯಿಲ್ ಸುಡುತ್ತಿರಬಹುದು, ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸ್ವಲ್ಪ ಮಟ್ಟಿಗೆ ಅದನ್ನು ಮುಚ್ಚಿಹಾಕುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. "ಕಂಪ್ರೆಷನ್ ಚೆಕ್ ಮಾಡಿದೆವು, ಚೆನ್ನಾಗಿದೆ, ರಿಂಗ್ ಸರಿಯಿದೆ" ಅನ್ನುತ್ತಾರೆ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗ್. ಆಯಿಲ್ ಕೆರೆದು ಕೆಳಗಿಳಿಸುವುದು ಮೂರನೆಯದು. ಅದು ಕಾರ್ಬನ್ ಕಟ್ಟಿ ಹಿಡಿದುಕೊಂಡಿದ್ದರೂ ಕಂಪ್ರೆಷನ್ ಪೂರ್ತಿ ಬರಬಹುದು. ಈಗಿನ ಎಂಜಿನ್‌ಗಳಲ್ಲಿ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಅದೇ. ಮೈಲೇಜ್‌ಗೋಸ್ಕರ ರಿಂಗ್‌ನ ಬಿಗಿ ಕಡಿಮೆ ಮಾಡಿದ್ದಾರೆ, ಆಯಿಲ್ 0ಡಬ್ಲ್ಯೂ-20 ಥರ ತೆಳು ಮಾಡಿದ್ದಾರೆ. ಜೊತೆಗೆ ಟರ್ಬೊ ಬಿಸಿ. ಆಯಿಲ್ ಚೇಂಜ್ ತಡವಾದರೆ ರಿಂಗ್ ಹಿಂದಿನ ಸಣ್ಣ ತೂತುಗಳು ಮುಚ್ಚಿಹೋಗುತ್ತವೆ. ಸ್ಪಾರ್ಕ್ ಪ್ಲಗ್ ತೂತಿನಿಂದ ಒಳಗೆ ಸಣ್ಣ ಕ್ಯಾಮೆರಾ ಹಾಕಿಸಿ ನೋಡಿ. ಪಿಸ್ಟನ್ ತಲೆಯ ಅಂಚು ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ಆಯಿಲ್ ಅಲ್ಲಿಂದಲೇ ಮೇಲೆ ಬರುತ್ತಿದೆ.

ಡೀಸೆಲ್ ಗಾಡಿಯವರು:
ನನ್ನದು ತಿರುವುಮುರುವು. ಆಯಿಲ್ ಮಟ್ಟ ಏರುತ್ತಿತ್ತು! ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಆ ಮಸಿಯನ್ನು ಸುಟ್ಟು ಸ್ವಚ್ಛ ಮಾಡಿಕೊಳ್ಳುವಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ, ಅದರಲ್ಲಿ ಸ್ವಲ್ಪ ಚೇಂಬರ್‌ಗೆ ಇಳಿಯುತ್ತದೆ. ಇದು ನಿಮಗೆ ಯಾಕೆ ಬೇಕು ಅಂದರೆ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಸಿಂಪಡಿಸುವ) ಪೆಟ್ರೋಲ್ ಕಾರಿನಲ್ಲೂ ಹತ್ತಿರ ಹತ್ತಿರ ಓಡಾಟ ಇದ್ದರೆ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ. ಒಂದು ದೂರದ ಓಟ ಹೋದಾಗ ಅದು ಆವಿಯಾಗಿ ಮಟ್ಟ ದಿಢೀರ್ ಇಳಿಯುತ್ತದೆ. ಅಳತೆಯನ್ನು ಒಂದೇ ಥರದ ಓಟದ ನಂತರ ಮಾಡಿ, ಇಲ್ಲದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ.

ಇನ್ನೊಬ್ಬರು:
ಇಷ್ಟೆಲ್ಲ ಯಾಕೆ? ದಪ್ಪನೆಯ 5ಡಬ್ಲ್ಯೂ-40 ಆಯಿಲ್ ಹಾಕಿ, ಕುಡಿಯುವುದು ನಿಲ್ಲುತ್ತದೆ. ಇಲ್ಲದಿದ್ದರೆ ಕೆಮಿಕಲ್ ಹಾಕಿ ಎಂಜಿನ್ ಒಳಗೆ ತೊಳೆಸಿ, ಫ್ಲಶ್ ಮಾಡಿಸಿ.

ಗ್ಯಾರೇಜ್ ಕೆಲಸದವರು:
ವಾರಂಟಿ ಇರುವ ಗಾಡಿಗೆ ಈ ಸಲಹೆ ಬೇಡ ಸರ್. ಮ್ಯಾನ್ಯುಯಲ್‌ನಲ್ಲಿ ಇಲ್ಲದ ಗ್ರೇಡ್ ಹಾಕಿದರೆ ಕ್ಲೇಮ್ ತಳ್ಳಲು ಅವರಿಗೆ ನಾವೇ ನೆಪ ಕೊಟ್ಟಂತೆ. ಕೆಲವು ಮ್ಯಾನ್ಯುಯಲ್‌ನಲ್ಲಿ ಒಂದಕ್ಕಿಂತ ಜಾಸ್ತಿ ಗ್ರೇಡ್ ಕೊಟ್ಟಿರುತ್ತಾರೆ. ಅದರಲ್ಲಿ ದಪ್ಪನೆಯದನ್ನು ಹಾಕಿದರೆ ಖರ್ಚು ಸ್ವಲ್ಪ ತಗ್ಗಬಹುದು, ರಿಂಗ್ ರಿಪೇರಿ ಆಗುವುದಿಲ್ಲ. ಪ್ಲಗ್ ತೂತಿನಿಂದ ಕೆಮಿಕಲ್ ಹಾಕಿ ರಾತ್ರಿಯೆಲ್ಲ ನೆನೆಸುವುದೂ ಇದೆ. ಕೆಲವೊಮ್ಮೆ ಫಲ ಸಿಗುತ್ತದೆ. ಆದರೆ ದ್ರವ ಒಳಗೆ ಉಳಿದಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಿಹೋಗಬಹುದು. ವಾರಂಟಿ ಮುಗಿದ ಮೇಲೆ, ಗೊತ್ತಿರುವವರ ಕೈಯಲ್ಲಿ ಮಾತ್ರ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಕೆಳಗಿನ ಕವರ್ ಬಿಚ್ಚಿಸಿದೆ, ಒಣಗಿದೆ. ಇಂಟರ್‌ಕೂಲರ್ ಪೈಪ್‌ನಲ್ಲಿ ಬರೀ ಜಿಡ್ಡು. ಟೆಸ್ಟ್‌ಗೆ ಒಪ್ಪಿಕೊಂಡು ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ. ಅಲ್ಲಿಯವರೆಗೆ ದೂರ ಓಡಿಸಬಹುದಾ? ಕೆಂಪು ಆಯಿಲ್ ಲೈಟ್ ಅಂತೂ ಒಮ್ಮೆಯೂ ಬಂದಿಲ್ಲ.

ವಾರಂಟಿಯಲ್ಲಿ ರಿಂಗ್ ಬದಲಾಯಿಸಿಕೊಂಡವರು:
ಓಡಿಸಿ, ಆದರೆ ಆ ಲೈಟ್ ನಂಬಿಕೊಂಡಲ್ಲ. ಅದು ಪ್ರೆಶರ್ ಲೈಟ್. ಆಯಿಲ್ ಕಡಿಮೆಯಾಗಿ ಪಂಪ್ ಗಾಳಿ ಎಳೆಯತೊಡಗಿದ ಮೇಲೆ ಹತ್ತುತ್ತದೆ. ಆ ಹೊತ್ತಿಗೆ ಬೇರಿಂಗ್‌ಗೆ ಪೆಟ್ಟು ಬಿದ್ದಿರಬಹುದು. ಹತ್ತಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ.

ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ ನೋಡಿ, ಅದೇ ಸ್ಪೆಕ್‌ನ 1 ಲೀಟರ್ ಡಬ್ಬಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಬಿಲ್ ಸಮೇತ. ಮೇಲಿನ ಗೆರೆ ದಾಟಿಸಬೇಡಿ. ಜಾಸ್ತಿಯಾದರೆ ನೊರೆಯಾಗಿ ಇನ್‌ಟೇಕ್ ಕಡೆಗೇ ಹೋಗುತ್ತದೆ, ಹೊಸ ತಲೆನೋವು. ಟೆಸ್ಟ್ ಶುರುವಾದ ಮೇಲೆ ಮಾತ್ರ ನೀವಾಗಿ ಏನೂ ಹಾಕಬೇಡಿ. ಕೆಳಗಿನ ಗೆರೆ ಹತ್ತಿರ ಬಂದರೆ, ಹೇಳಿದ ದೂರ ಮುಗಿಯದಿದ್ದರೂ, ಸೀಲ್ ಮುಟ್ಟದೆ ಗಾಡಿಯನ್ನು ಅವರಲ್ಲಿಗೇ ತೆಗೆದುಕೊಂಡು ಹೋಗಿ ಅಳೆಸಿ.