ದೂರ ಹಾಕಿಬಿಟ್ರೆ ಮುಗೀತು ಅನ್ನೋರಿಗೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಕೇಳಿ. ಬೆಳಗ್ಗಿಂದ ಗ್ರೂಪಲ್ಲಿ ಬಂದಿದ್ದನ್ನೆಲ್ಲ ನೋಡಿದೆ. ಹೊಸ ಜೈಲಿಗೆ ಎರಡು ಜಾಗ ಗೊತ್ತು ಮಾಡಿದ್ದಾರೆ. ಒಂದು ಹೆದ್ದಾರಿ ಪಕ್ಕ, ಮನೆ-ಶಾಲೆಗೆ ಹತ್ತಿರ. ಇನ್ನೊಂದು ಊರಿಂದ 35 ಕಿಲೋಮೀಟರ್ ಆಚೆ, ಮಣ್ಣು ತುಂಬಿಸಿರೋ ಹಳೇ ಕಲ್ಲು ಕ್ವಾರಿ. ಮುಕ್ಕಾಲು ಪಾಲು ಜನ ಕ್ವಾರಿಗೇ ಹಾಕ್ಲಿ ಅಂದಿದ್ದೀರಿ. ನಾನು ಹೇಳೋದು ಒಂದೇ: ದೂರ ಎಷ್ಟು ಅಂತ ನೋಡಿ ಜಾಗ ಆರಿಸಬೇಡಿ, ದಿನಾ ಅಲ್ಲಿಂದ ಏನೇನು ಓಡಾಡತ್ತೆ, ಏನೇನು ಹರಿಯತ್ತೆ ಅಂತ ನೋಡಿ ಆರಿಸಿ.

ಮೊದಲು ಓಡಾಟ. ಜೈಲಲ್ಲಿ ಇರೋರೆಲ್ಲ ಶಿಕ್ಷೆ ಆದವರಲ್ಲ, ವಿಚಾರಣೆಗೆ ಕಾಯ್ತಾ ಇರೋರೂ ಇರ್ತಾರೆ. ಅವರನ್ನ ಕೋರ್ಟಿಗೆ ಕರ್ಕೊಂಡು ಹೋಗಿ ವಾಪಸ್ ತರಬೇಕು. 35 ಕಿಲೋಮೀಟರ್ ಅಂದ್ರೆ ಹೋಗಿ ಬಂದು 70, ಒಂದು ಗಾಡಿ, ಜೊತೆಗೆ ಬೆಂಗಾವಲು. ಅವತ್ತು ಬೆಂಗಾವಲಿಗೆ ಜನ ಸಿಗಲಿಲ್ಲ ಅಂದ್ರೆ ಗಾಡಿ ಹೊರಡಲ್ಲ, ಕೇಸು ಮುಂದಕ್ಕೆ ಹೋಗತ್ತೆ, ಆ ಮನುಷ್ಯ ಇನ್ನಷ್ಟು ದಿನ ಒಳಗೇ ಇರ್ತಾನೆ. ಹೀಗೆ ಒಬ್ಬೊಬ್ಬರೇ ಉಳಿದು ಉಳಿದು ಜೈಲು ತುಂಬಿ ತುಳುಕತ್ತೆ. ದೂರಕ್ಕೂ ಕಿಕ್ಕಿರಿಯೋದಕ್ಕೂ ನೇರ ಸಂಬಂಧ ಇದೆ. ವಿಡಿಯೋ ಕಾನ್ಫರೆನ್ಸ್ ಇದ್ಯಲ್ಲ ಅಂತ ಅಣ್ಣ ಒಬ್ರು ಕೇಳಿದ್ರಿ. ಬರೀ ಮುಂದಿನ ತಾರೀಖು ತಗೊಳ್ಳೋ ದಿನಕ್ಕೆ ಅದು ಸಾಕು. ಸಾಕ್ಷಿ ವಿಚಾರಣೆ ನಡೀವಾಗ ವಕೀಲರ ಕಿವೀಲಿ ಒಂದು ಮಾತು ಹೇಳ್ಬೇಕು ಅಂದ್ರೆ ಪಕ್ಕದಲ್ಲೇ ಇರಬೇಕಾಗತ್ತೆ.

ಆಸ್ಪತ್ರೇನೂ ಹಾಗೇ. ರಾತ್ರಿ ಎರಡು ಗಂಟೆಗೆ ಯಾರಿಗಾದ್ರೂ ಎದೆನೋವು ಬಂದ್ರೆ ಬೀಗ ತೆಗೀಬೇಕು, ಅನುಮತಿ ಬೇಕು, ಬೆಂಗಾವಲು ಸೇರಬೇಕು. ಅಲ್ಲೇ ಅರ್ಧ ಗಂಟೆ ಹೋಗಿರತ್ತೆ, ಅದರ ಮೇಲೆ ರಸ್ತೆ. ಇನ್ನು ಬೆಂಕಿ. 2012ರ ಫೆಬ್ರವರೀಲಿ ಹೊಂಡುರಾಸ್ ದೇಶದ ಕೊಮಾಯಾಗ್ವಾ ಜೈಲಲ್ಲಿ ಬೆಂಕಿ ಬಿದ್ದು 350ಕ್ಕೂ ಹೆಚ್ಚು ಜನ ಸತ್ರು. ಕಿಕ್ಕಿರಿದ ಜೈಲು, ಹೊತ್ತಿಗೆ ಸರಿಯಾಗಿ ತೆಗೀದ ಬೀಗ. ಬೀಗ ಹಾಕಿರೋ ಕೋಣೇಲಿ ಬೆಂಕಿಗಿಂತ ಮೊದಲು ಹೊಗೆ ಕೊಲ್ಲತ್ತೆ. ಕ್ವಾರಿಗೆ ಅಗ್ನಿಶಾಮಕ ಗಾಡಿ ಎಷ್ಟು ನಿಮಿಷಕ್ಕೆ ಮುಟ್ಟತ್ತೆ ಅಂತ ಈ ಗ್ರೂಪಲ್ಲಿ ಇನ್ನೂ ಯಾರೂ ಕೇಳಿಲ್ಲ.

ಈಗ ನೀರು. 1000 ಜನಕ್ಕೆ ಅಂತ ಇಟ್ಕೊಳ್ಳಿ. ಅಡುಗೆ, ಸ್ನಾನ, ಬಟ್ಟೆ, ಶೌಚಾಲಯ ಎಲ್ಲ ಸೇರಿ ತಲೆಗೆ 150 ಲೀಟರ್ ಹಿಡಿದ್ರೆ ದಿನಕ್ಕೆ 1.5 ಲಕ್ಷ ಲೀಟರ್. ಪೈಪ್‌ಲೈನ್ ಇಲ್ಲ ಅಂದ್ರೆ 12,000 ಲೀಟರಿನ ಟ್ಯಾಂಕರ್ ದಿನಾ 12-13 ಸಲ ಬರಬೇಕು. ಬೋರ್‌ವೆಲ್ ಹಾಕ್ತೀವಿ ಅಂದ್ರೆ ಬೇಸಿಗೇಲಿ ಎಷ್ಟು ನೀರು ಬರತ್ತೆ ಅನ್ನೋ ಇಳುವರಿ ಪರೀಕ್ಷೆ ತೋರಿಸಿ ಅನ್ನಿ. ಮಳೆಗಾಲ ಮುಗಿದ ಕೂಡಲೇ ಮಾಡಿದ ಪರೀಕ್ಷೆ ನಂಬಬೇಡಿ.

ಒಳಗೆ ಹೋದ ನೀರಲ್ಲಿ 100ಕ್ಕೆ 80 ಭಾಗ ಕೊಳಚೆ ಆಗಿ ಹೊರಗೆ ಬರತ್ತೆ, ಅಂದ್ರೆ ದಿನಕ್ಕೆ 1.2 ಲಕ್ಷ ಲೀಟರ್. ಅದೂ ಒಂದೇ ಸಮ ಬರಲ್ಲ. ಬೆಳಗ್ಗೆ ಕೋಣೆ ತೆಗೆದ ಒಂದು ಗಂಟೇಲಿ ಎಲ್ಲರೂ ಒಟ್ಟಿಗೆ ಶೌಚಕ್ಕೆ, ಸ್ನಾನಕ್ಕೆ ಹೋಗ್ತಾರೆ, ಪೈಪಿಗೆ ಒಂದೇ ಸಲ ನುಗ್ಗತ್ತೆ. ಜೈಲಿನ ಕೊಳಚೇಲಿ ಇನ್ನೊಂದು ಸಮಸ್ಯೆ ಇದೆ. ಹರಿದ ಕಂಬಳಿ ಚೂರು, ಬನಿಯನ್ನು, ಪ್ಲಾಸ್ಟಿಕ್ ಕವರು, ತಪಾಸಣೆ ಬಂತು ಅಂದ್ರೆ ಬಚ್ಚಿಟ್ಟ ಸಾಮಾನು, ಎಲ್ಲ ಕಮೋಡಿಗೇ ಹೋಗತ್ತೆ. ಆ ಬಟ್ಟೆ ಪಂಪಿನೊಳಗೆ ತಿರುಗೋ ಚಕ್ರಕ್ಕೆ (ಇಂಪೆಲ್ಲರ್) ಹಗ್ಗದ ಹಾಗೆ ಸುತ್ಕೊಳ್ಳತ್ತೆ, ಮೋಟಾರ್ ಸುಟ್ಟು ಹೋಗತ್ತೆ, ಗುಂಡಿ ತುಂಬಿ ಕೊಳಚೆ ತಗ್ಗಿನ ಕಡೆ ಹರಿಯತ್ತೆ. ಅದಕ್ಕೇ ಪಂಪಿಗೆ ಮೊದಲು ಕಬ್ಬಿಣದ ಜಾಲರಿ, ಗ್ರೈಂಡರ್, ಒಂದು ಸ್ಪೇರ್ ಪಂಪ್, ಅಡುಗೆಮನೆ ಸಾಲಿಗೆ ಜಿಡ್ಡು ತಡೆಯೋ ತೊಟ್ಟಿ, ಇಷ್ಟು ನಕ್ಷೇಲೇ ಇರಬೇಕು. ಮಂಜೂರಾದ ಸಂಖ್ಯೆಗೆ ಸರಿಯಾಗಿ ಎಸ್‌ಟಿಪಿ (ಕೊಳಚೆ ಶುದ್ಧ ಮಾಡೋ ಘಟಕ) ಕಟ್ಟೋದೂ ತಪ್ಪು. 1000ಕ್ಕೆ ಕಟ್ಟಿದ ಜೈಲಲ್ಲಿ ನಾಳೆ 1500 ಜನ ಇದ್ರೆ ಮೊದಲು ಕೈಕೊಡೋದು ಅದೇ.

ಕ್ವಾರಿ ನೆಲದ ಬಗ್ಗೆ ನನಗೆ ನಿಜವಾಗ್ಲೂ ಭಯ ಇದೆ. ತುಂಬಿಸಿದ ಮಣ್ಣು ಎಲ್ಲಾ ಕಡೆ ಒಂದೇ ಸಮ ಕೂರಲ್ಲ. ಸಾಮಾನ್ಯ ಮನೆ ಆಗಿದ್ರೆ ಗೋಡೆ ಬಿರುಕು ಬಿಡತ್ತೆ ಅಷ್ಟೇ. ಜೈಲಲ್ಲಿ ಕೆಲವೇ ಸೆಂಟಿಮೀಟರ್ ಕುಸಿದ್ರೂ ಜಾರು ಗೇಟಿನ ಹಳಿ ವಾಲತ್ತೆ, ಗೇಟು ಸಿಕ್ಕಾಕೊಳ್ಳತ್ತೆ, ನೆಲದೊಳಗಿನ ಕ್ಯಾಮೆರಾ ಕೇಬಲ್ಲಿನ ಪೈಪು ತುಂಡಾಗತ್ತೆ. ಅಮೆರಿಕದ ಕೆಂಟಕೀಲಿ ಹಳೇ ಗಣಿ ನೆಲದ ಮೇಲೆ ಮೆಕ್ರಿಯರಿ ಜೈಲು ಕಟ್ಟೋವಾಗ್ಲೇ ನೆಲ ಕುಸೀತು, ಸರಿ ಮಾಡೋಕೆ ಖರ್ಚು ಏರ್ತಾ ಹೋಯ್ತು. ಆದ್ದರಿಂದ ನೆಲ ಕೊರೆದು ಮಣ್ಣು ಪರೀಕ್ಷೆ ಮಾಡಿದ ಬೋರ್‌ಹೋಲ್ ವರದಿ ನೋಡದೆ ಕ್ವಾರಿಗೆ ಕೈ ಎತ್ತಬೇಡಿ.

ಈಗ ಹೆದ್ದಾರಿ ಪಕ್ಕದ ಜಾಗ. ಜೈಲು ಪಕ್ಕದಲ್ಲೇ ಇದ್ರೆ ಮಕ್ಕಳ ಗತಿ ಏನು ಅಂತ ಕೇಳಿದ ಅಕ್ಕನಿಗೆ ಹೇಳ್ತೀನಿ, ನಿಮ್ಮ ಆತಂಕ ಸಣ್ಣದಲ್ಲ. ಆದ್ರೆ ಅಕ್ಕಪಕ್ಕದೋರಿಗೆ ದಿನಾ ಕಾಡೋದು ಯಾರೋ ತಪ್ಪಿಸಿಕೊಂಡು ಬರೋದಲ್ಲ, ಬೇರೆ ಮೂರು ವಿಷಯ. ಒಂದು ಬೆಳಕು. 25-30 ಮೀಟರ್ ಎತ್ತರದ ಹೈಮಾಸ್ಟ್ ದೀಪದ ಕಂಬ ಹಾಕಿದ್ರೆ ರಾತ್ರಿ ಇಡೀ ಮಲಗೋ ಕೋಣೆಗೆ ಬೆಳಕು ಬೀಳತ್ತೆ. ಬದಲಿಗೆ 8-10 ಮೀಟರಿನ ಕಂಬ, ಕೆಳಮುಖ ಲೈಟು ಕೇಳಿ. ಎರಡನೇದು ಜಾಮರ್, ಅಂದ್ರೆ ಜೈಲೊಳಗೆ ಮೊಬೈಲ್ ಸಿಗ್ನಲ್ ತಡೆಯೋ ಯಂತ್ರ. ಶಕ್ತಿ ಜಾಸ್ತಿ ಇಟ್ರೆ ಮನೆಗಳ ಫೋನ್ ಸಿಗ್ನಲ್ಲೂ ಹೋಗತ್ತೆ, ತುರ್ತು ಕರೆ ಮಾಡೋಕೂ ಆಗಲ್ಲ. ಗೋಡೆಯಾಚೆ ಅಳತೆ ಮಾಡಿ ತೋರಿಸ್ತೀವಿ ಅಂತ ಬರೆದು ಕೊಡ್ಲಿ. ಮೂರನೇದು ಎಸೆತ. ಟೆನಿಸ್ ಬಾಲ್ ಸೀಳಿ, ಒಳಗೆ ತಂಬಾಕೋ ಸಣ್ಣ ಫೋನೋ ತುರುಕಿ, ಟೇಪ್ ಸುತ್ತಿ ರಸ್ತೆಯಿಂದಲೇ ಒಳಗೆ ಎಸೀತಾರೆ. ಗೋಡೆಗೆ ಅಂಟಿಕೊಂಡು ರಸ್ತೆ ಇದ್ರೆ ಅಲ್ಲಿ ದಿನಾ ಗಲಾಟೆ. ಗೋಡೆಗೂ ರಸ್ತೆಗೂ ಮಧ್ಯೆ ಕಡಿಮೆ ಅಂದ್ರೂ 70-80 ಮೀಟರ್ ಖಾಲಿ ಇರಬೇಕು. ಜಾಗದ ಅಳತೆ ಇಲ್ಲೇ ಮುಖ್ಯ ಆಗೋದು. ರೆಡ್‌ಕ್ರಾಸ್ ಸಮಿತಿಯ ಲೆಕ್ಕದಲ್ಲಿ ಗೋಡೆಯೊಳಗೆ ತಲೆಗೆ 20-30 ಚದರ ಮೀಟರ್ ಬೇಕು, 1000 ಜನಕ್ಕೆ ಹತ್ತಿರ ಹತ್ತಿರ 5ರಿಂದ 7.5 ಎಕರೆ. ಆ ಖಾಲಿ ಜಾಗ, ಎಸ್‌ಟಿಪಿ, ಸಿಬ್ಬಂದಿ ಮನೆ ಎಲ್ಲ ಇದರ ಹೊರಗೆ.

ನೋಡೋಕೆ ಬರೋ ಮನೆಯವರನ್ನೂ ಮರೀಬೇಡಿ. ಗೇಟಿನ ಹೊರಗೆ ಕೂರೋಕೆ ಹಾಲ್, ಶೌಚಾಲಯ, ಬಸ್ ಸ್ಟಾಪ್ ಇಲ್ಲದಿದ್ರೆ ಅವರು ಮಕ್ಕಳನ್ನ ಎತ್ಕೊಂಡು ರಸ್ತೇಲೇ ನಿಲ್ಲಬೇಕು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ (ಕೈದಿಗಳನ್ನ ಹೇಗೆ ನಡೆಸಿಕೊಳ್ಳಬೇಕು ಅನ್ನೋ ನಿಯಮಗಳು) 59ನೇದು, ಆದಷ್ಟು ಮಟ್ಟಿಗೆ ಮನೆಗೆ ಹತ್ತಿರದ ಜೈಲಲ್ಲೇ ಇಡಬೇಕು ಅನ್ನತ್ತೆ.

ಇನ್ನು ಜೈಲು ಬಂದ್ರೆ ಊರೋರಿಗೆ ಕೆಲಸ ಸಿಗತ್ತೆ ಅನ್ನೋ ಮಾತು. 24 ಗಂಟೆ ಕಾವಲಿನ ಒಂದು ಜಾಗಕ್ಕೆ ರಜೆ-ತರಬೇತಿ ಎಲ್ಲ ಸೇರಿ ಹತ್ತಿರ ಹತ್ತಿರ 5 ಜನ ಬೇಕು, ಅದು ನಿಜ. ಆದ್ರೆ ಎಷ್ಟೋ ಜನ ವರ್ಗಾವಣೆ ಆಗಿ ಬರೋರು. ಅಮೆರಿಕದ ಥಾಮ್ಸನ್ ಅನ್ನೋ ಸಣ್ಣ ಊರಲ್ಲಿ 2001ರಲ್ಲಿ 1600 ಕೋಣೆಯ ಜೈಲು ಕಟ್ಟಿ ಮುಗಿಸಿದ್ರು, ನಡೆಸೋಕೆ ದುಡ್ಡಿಲ್ಲದೆ ವರ್ಷಗಟ್ಟಲೆ ಬಹುಪಾಲು ಖಾಲಿ ಬಿದ್ದಿತ್ತು. ಕಟ್ಟೋ ಹಣದ ಜೊತೆ ನಡೆಸೋ ಹಣ ಎಲ್ಲಿಂದ ಅಂತಾನೂ ಕೇಳಿ.

ನನ್ನ ಒಲವು ಹೆದ್ದಾರಿ ಜಾಗದ ಕಡೆಗೇ. ಆದ್ರೆ ಗೋಡೆಗೂ ರಸ್ತೆಗೂ ಮಧ್ಯದ ಖಾಲಿ ಜಾಗ, ಕೊಳಚೆ ವ್ಯವಸ್ಥೆ, ಲೈಟು, ಜಾಮರ್ ಈ ನಾಲ್ಕೂ ಮಂಜೂರಾತಿ ಆದೇಶದಲ್ಲೇ ಬರೀಬೇಕು. ಸಭೇಲಿ ಬಾಯಲ್ಲಿ ಕೊಟ್ಟ ಮಾತು ಬೇಡ. ಆಕ್ಷೇಪಣೆನೂ ಬರವಣಿಗೇಲೇ ಕೊಡಿ, ಸ್ವೀಕೃತಿ ಮೊಹರು ಹಾಕಿಸ್ಕೊಳ್ಳಿ. ಕ್ವಾರಿಯ ಬೋರ್‌ಹೋಲ್ ವರದಿ ಯಾರ ಹತ್ರಾನಾದ್ರೂ ಇದ್ರೆ ಇಲ್ಲಿ ಹಾಕಿ. ಎಷ್ಟು ಆಳಕ್ಕೆ ಗಟ್ಟಿ ನೆಲ ಸಿಕ್ಕಿದೆ ಅನ್ನೋ ಪುಟ ಮೊದಲು ನೋಡೋಣ.