ರುಮಾಲು ಪೂರಾ ಬಿಳಿ, ಮುಖ ಪೂರಾ ಕಪ್ಪು: ಎಚ್‌ಪಿ5 ತೊಳೆಯುವಾಗ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ:
ನಮಸ್ಕಾರ. ಮನೆಯಲ್ಲೇ ಫಿಲ್ಮ್ ತೊಳೆಯಲು ಶುರುಮಾಡಿ ಮೂರು ತಿಂಗಳಾಯಿತು. ಏಪ್ರಿಲ್‌ನಲ್ಲಿ ಧಾರವಾಡದ ಹತ್ತಿರ ನಮ್ಮೂರ ಜಾತ್ರೆಯಲ್ಲಿ, ಮಟಮಟ ಮಧ್ಯಾಹ್ನ, ಇಲ್ಫರ್ಡ್ ಎಚ್‌ಪಿ5 ಪ್ಲಸ್ ಅನ್ನೋ ಕಪ್ಪು-ಬಿಳುಪು ಫಿಲ್ಮ್ ಒಂದು ರೋಲ್ ತೆಗೆದೆ. ಕ್ಯಾಮೆರಾದಲ್ಲಿ ಐಎಸ್‌ಒ (ಫಿಲ್ಮಿನ ವೇಗ) 400. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಡಿ-76; ಅದಕ್ಕೆ ಅಷ್ಟೇ ನೀರು (1+1), 11 ನಿಮಿಷ. ಸ್ಕ್ಯಾನ್ ಮಾಡಿದರೆ ಅಜ್ಜನ ರುಮಾಲಿನಲ್ಲಿ ಒಂದು ಮಡಿಕೆಯೂ ಇಲ್ಲ, ಮುಖವಂತೂ ಮಸಿ. ನನಗೆ ಬೇಕಿದ್ದದ್ದು ಅವರ ಕೆನ್ನೆಯ ಸುಕ್ಕು. ಡೆವಲಪರ್ ಬದಲಿಸಬೇಕೇ?

ಉತ್ತರ:
ಬದಲಿಸಬೇಡಿ. ಸ್ಕ್ಯಾನ್ ಪಕ್ಕಕ್ಕಿಟ್ಟು ನೆಗೆಟಿವ್ ಕೈಗೆತ್ತಿಕೊಳ್ಳಿ. ಅದರಲ್ಲಿ ಬಿಳಿಯದೇ ಕಪ್ಪಾಗಿ ಕಾಣುತ್ತದೆ. ರುಮಾಲಿನ ಆ ಕಪ್ಪು ಭಾಗವನ್ನು ದಿನಪತ್ರಿಕೆಯ ಮೇಲಿಡಿ. ಕೆಳಗಿನ ಅಕ್ಷರ ಕಷ್ಟಪಟ್ಟಾದರೂ ಕಾಣಬೇಕು. ಆಮೇಲೆ ಅಂಚಿನ ನಂಬರ್ ನೋಡಿ. ಅದನ್ನು ಕಾರ್ಖಾನೆಯಲ್ಲೇ ಮೂಡಿಸಿರುತ್ತಾರೆ, ನಿಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧವಿಲ್ಲ. ಅದೂ ದಪ್ಪಗೆ ಹರಡಿಕೊಂಡಿದ್ದರೆ ತೊಳೆದದ್ದು ಹೆಚ್ಚಾಗಿದೆ. ನೀರು ಎಷ್ಟು ಡಿಗ್ರಿ ಇತ್ತು? ಫಿಲ್ಮ್ ತೊಳೆಯುವ ಟ್ಯಾಂಕ್ ಹೇಗೆ ಅಲ್ಲಾಡಿಸಿದಿರಿ?

ಪ್ರಶ್ನೆ ಕೇಳಿದವರು:
ಒಂದಕ್ಷರವೂ ಕಾಣಲಿಲ್ಲ ಸರ್. ನಂಬರ್‌ಗಳೂ ಹರಡಿವೆ. ನಲ್ಲಿ ನೀರು ಈಗ ಅಳೆದೆ, 27 ಡಿಗ್ರಿ. ಟ್ಯಾಂಕನ್ನು ಬಿಡದೆ ಅಲ್ಲಾಡಿಸುತ್ತಲೇ ಇದ್ದೆ.

ಉತ್ತರ:
ಹಾಗಾದರೆ ಎರಡು ಬೇರೆ ಬೇರೆ ತಪ್ಪುಗಳಿವೆ.

ರುಮಾಲಿನದು ತೊಳೆಯುವ ತಪ್ಪು. 11 ನಿಮಿಷ ಅನ್ನೋದು 20 ಡಿಗ್ರಿಯ ಲೆಕ್ಕ. ಇಲ್ಫರ್ಡ್ ಪ್ರಕಾರ 20ರಲ್ಲಿ 4 ನಿಮಿಷ ಹಿಡಿಯುವ ಕೆಲಸ 23ರಲ್ಲಿ 3 ನಿಮಿಷಕ್ಕೆ ಮುಗಿಯುತ್ತದೆ. ಅದೇ ಲೆಕ್ಕದಲ್ಲಿ 27ಕ್ಕೆ ಐದೂವರೆ ನಿಮಿಷ ಸಾಕಿತ್ತು, ನೀವು ಇಮ್ಮಡಿ ಕೊಟ್ಟಿದ್ದೀರಿ. ನೆರಳಿನ ಭಾಗ ಬೇಗನೆ ತನ್ನ ಮಟ್ಟ ಮುಟ್ಟಿ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಬೆಳಕಿನ ಭಾಗ ಮಾತ್ರ ದಟ್ಟವಾಗುತ್ತಲೇ ಹೋಗುತ್ತದೆ. ಕಾಂಟ್ರಾಸ್ಟ್, ಅಂದರೆ ಬಿಳಿ-ಕಪ್ಪಿನ ಅಂತರ, ಏರುವುದು ಹೀಗೆ. ಟ್ಯಾಂಕ್ ಸುಮ್ಮನಿದ್ದಾಗ ರುಮಾಲಿನ ಮೇಲಿರುವ ಡೆವಲಪರ್ ಸುಸ್ತಾಗಿ ನಿಧಾನಿಸುತ್ತದೆ. ನೀವು ಅದಕ್ಕೆ ಬಿಡುವೇ ಕೊಡಲಿಲ್ಲ.

ಮುಖದ್ದು ಕ್ಯಾಮೆರಾದಲ್ಲೇ ಆದ ತಪ್ಪು. ಬಿಳಿ ರುಮಾಲು, ಬಿಸಿಲು ಕಂಡ ಬೆಳಕಿನ ಮೀಟರ್ ಬೆಳಕು ಜಾಸ್ತಿಯಿದೆ ಎಂದುಕೊಂಡಿದೆ, ಹಾಗಾಗಿ ಮುಖಕ್ಕೆ ಸಾಲುವಷ್ಟು ಬೆಳಕು ಫಿಲ್ಮಿಗೆ ಬಿದ್ದಿಲ್ಲ. ಫಿಲ್ಮಿಗೆ ಬೀಳದ ಬೆಳಕನ್ನು ಯಾವ ಡೆವಲಪರ್ ತಂದುಕೊಡಲೂ ಆಗದು.

ಮುಂದಿನ ರೋಲ್ ಐಎಸ್‌ಒ 200ಕ್ಕೆ ಇಟ್ಟು ತೆಗೆಯಿರಿ, ಆಗ ಫಿಲ್ಮಿಗೆ ಇಮ್ಮಡಿ ಬೆಳಕು ಸಿಗುತ್ತದೆ. ಹತ್ತಿರ ಹೋಗಿ ಮುಖದ ಮೇಲೇ ಅಳತೆ ಹಿಡಿಯಿರಿ. 20 ಡಿಗ್ರಿಯಲ್ಲಿ 9 ನಿಮಿಷ ತೊಳೆಯಿರಿ. ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಮಗುಚಿ, ಆಮೇಲೆ ಕೈ ಹಚ್ಚಬೇಡಿ.

ಇನ್ನೊಬ್ಬರು:
ಬೇಸಿಗೆಯಲ್ಲಿ ನಾನು ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಬಕೆಟ್ ನೀರಿಗೆ ಬಿಡುತ್ತೇನೆ. ಡೆವಲಪರ್ ಬಾಟಲಿ, ಟ್ಯಾಂಕ್ ಎರಡೂ ಅದರಲ್ಲೇ. ಐಸನ್ನು ನೇರ ಡೆವಲಪರಿಗೆ ಹಾಕಬೇಡಿ, ತೆಳುವಾಗುತ್ತದೆ. ಹಳೇ ರೋಲ್ ಎಸೆಯಬೇಡಿ, ಮಲ್ಟಿಗ್ರೇಡ್ ಕಾಗದದಲ್ಲಿ (ಫಿಲ್ಟರ್ ಬದಲಿಸಿ ಕಾಂಟ್ರಾಸ್ಟ್ ಬದಲಿಸುವ ಪ್ರಿಂಟ್ ಕಾಗದ) ಕಾಂಟ್ರಾಸ್ಟ್ ತಗ್ಗಿಸುವ 0 ಅಥವಾ 1 ಫಿಲ್ಟರ್ ಹಾಕಿ ಪ್ರಿಂಟ್ ಮಾಡಿ. ರುಮಾಲಿನ ಮಡಿಕೆ ಕೊಂಚವಾದರೂ ಸಿಕ್ಕೀತು.

ಪ್ರಶ್ನೆ ಕೇಳಿದವರು:
ಅಜ್ಜನನ್ನು ನಿನ್ನೆ ಮಧ್ಯಾಹ್ನ ಕಟ್ಟೆಯ ಮೇಲೆ ಕೂರಿಸಿ ಮತ್ತೆ ತೆಗೆದೆ. ನೆಗೆಟಿವ್ ಪೇಪರ್ ಮೇಲಿಟ್ಟರೆ ರುಮಾಲಿನಡಿಯ ಅಕ್ಷರ ಮಸುಕಾಗಿ ಓದಲು ಬಂತು! ಹಣೆಯಿಂದ ಗಲ್ಲದವರೆಗೆ ಬೂದು ಹಂತಹಂತವಾಗಿ ಇಳಿದಿದೆ, ಕಿವಿಯ ಪಕ್ಕದ ಸುಕ್ಕೂ ಬಂದಿದೆ. ಮಳೆಗಾಲಕ್ಕೂ ಇದೇ 9 ನಿಮಿಷವೇ?

ಉತ್ತರ:
ಅಲ್ಲ. ಮೋಡದ ಬೆಳಕಿನಲ್ಲಿ ಕಾಂಟ್ರಾಸ್ಟೇ ಕಡಿಮೆ, 9 ನಿಮಿಷಕ್ಕೆ ತೆಗೆದರೆ ಎಲ್ಲವೂ ಒಂದೇ ಬೂದಿ ಬಣ್ಣವಾಗುತ್ತದೆ. ಆಗ ಐಎಸ್‌ಒ 400, 20 ಡಿಗ್ರಿಯಲ್ಲಿ 11 ನಿಮಿಷಕ್ಕೇ ವಾಪಸ್ ಹೋಗಿ. ಬಿಸಿಲಿನ ರೋಲ್, ಮೋಡದ ರೋಲ್ ಬೇರೆ ಬೇರೆ ಇಟ್ಟುಕೊಂಡು ಡಬ್ಬಿಯ ಮೇಲೆ ಬರೆದಿಡಿ.