5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಆನ್ ಆಗುತ್ತಿಲ್ಲ, ಯಾರಾದರೂ ದಾರಿ ಹೇಳಿ

ಅಡಿಕೆತೋಟ
ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಹೋಸ್ಟ್‌ಎಪಿಡಿ (ಲ್ಯಾಪ್‌ಟಾಪನ್ನೇ ವೈಫೈ ಹಾಟ್‌ಸ್ಪಾಟ್ ಮಾಡುವ ಪ್ರೋಗ್ರಾಂ) ಹಾಕಿ 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಮಾಡಬೇಕು. ಫೋನಿನ ವಿಡಿಯೊಗಳನ್ನು ಕಾಪಿ ಮಾಡಲು 2.4ರ ಸ್ಪೀಡ್ ಸಾಲದು. ಚಾನೆಲ್ 36 ಕೊಟ್ಟರೆ 5180 ಮೆಗಾಹರ್ಟ್ಸ್‌ನಲ್ಲಿ ಎಪಿ (ಆಕ್ಸೆಸ್ ಪಾಯಿಂಟ್, ಅಂದರೆ ಹಾಟ್‌ಸ್ಪಾಟ್) ಮೋಡ್‌ಗೆ ಅನುಮತಿ ಇಲ್ಲ ಅಂತ ಹೇಳಿ ನಿಂತುಬಿಡುತ್ತದೆ. ಹೋದ ತಿಂಗಳು ಇದೇ ಲ್ಯಾಪ್‌ಟಾಪ್, ಇದೇ ಕಾನ್ಫಿಗ್ ಚೆನ್ನಾಗಿ ಓಡುತ್ತಿತ್ತು. ನಾನು ಏನೂ ಬದಲಾಯಿಸಿಲ್ಲ. ತಲೆ ಕೆಟ್ಟುಹೋಗಿದೆ.

ಕರ್ನಲ್_ಕಾಕಾ
ಕಂಟ್ರಿ ಕೋಡ್ ಸಮಸ್ಯೆ. ಯಾವ ದೇಶದ ರೇಡಿಯೊ ನಿಯಮ ಪಾಲಿಸಬೇಕು ಅಂತ ಅದು ಹೇಳುತ್ತದೆ, ಐಎನ್ ಅಂದರೆ ಇಂಡಿಯಾ. ಸುಡೊ ಐಡಬ್ಲ್ಯೂ ರೆಗ್ ಸೆಟ್ ಐಎನ್ ಕೊಡಿ, ಸರಿಹೋಗುತ್ತದೆ.

ಅಡಿಕೆತೋಟ
ಕೊಟ್ಟೆ. ಗ್ಲೋಬಲ್ ಅಂತ ಇರುವ ಕಡೆ ಐಎನ್ ಬಂತು. ಎರರ್ ಮಾತ್ರ ಅದೇ.

ಕರ್ನಲ್_ಕಾಕಾ
ಹಾಗಾದರೆ ವೈರ್‌ಲೆಸ್-ರೆಗ್‌ಡಿಬಿ (ದೇಶವಾರು ರೇಡಿಯೊ ನಿಯಮಗಳ ಡೇಟಾಬೇಸ್) ಹಳೆಯದಿರಬೇಕು. ನಮ್ಮಲ್ಲಿ 5150–5350, 5470–5875 ಮೆಗಾಹರ್ಟ್ಸ್ ಪೂರ್ತಿ ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಆಗಿದ್ದೇ 2018ರ ಅಕ್ಟೋಬರ್‌ನಲ್ಲಿ. ಪ್ಯಾಕೇಜ್ ಅಪ್‌ಡೇಟ್ ಮಾಡಿ.

ಅಡಿಕೆತೋಟ
ಮಾಡಿದೆ. ರೀಬೂಟೂ ಮಾಡಿದೆ. ಇಲ್ಲ.

ಕರ್ನಲ್_ಕಾಕಾ
ಡೇಟಾಬೇಸ್ ಫೈಲ್ ಲೋಡ್ ಆಗಿದೆಯಾ ಅಂತ ಡಿಮೆಸೇಜ್ (ಕರ್ನಲ್‌ನ ಲಾಗ್) ನೋಡಿ. ಲಿನಕ್ಸ್‌ನ ತಿರುಳಾದ ಕರ್ನಲ್ 4.15ನೇ ಆವೃತ್ತಿಯಿಂದ ಈಚೆಗೆ ತಾನೇ ಅದನ್ನು ಓದುತ್ತದೆ. ಸಮಸ್ಯೆ ಅಲ್ಲೇ ಇರುವುದು.

ವೇಗದೂತ
ಸುಮ್ನೆ ಬೇರೆ ದೇಶದ ಕೋಡ್ ಹಾಕಿ. ಪವರೂ ಜಾಸ್ತಿ ಸಿಗುತ್ತದೆ.

ತರಂಗ_ಹ್ಯಾಮ್
ದಯವಿಟ್ಟು ಇಂಥ ಸಲಹೆ ಕೊಡಬೇಡಿ. 5 ಗಿಗಾಹರ್ಟ್ಸ್‌ನಲ್ಲಿ ಹವಾಮಾನ ರೇಡಾರ್‌ಗಳೂ ಇವೆ. ರೇಡಾರ್ ನಿಯಮ ಇರುವ ಕಡೆ ಚಾನೆಲ್ 52ರಿಂದ 144ರವರೆಗೆ ಎಪಿ ಶುರುವಾಗುವ ಮುಂಚೆ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೇಳುವುದು ಅದಕ್ಕೇ. ನಮಗೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ ಅಂದರೆ, ಷರತ್ತು ಪಾಲಿಸುತ್ತೇವೆ ಅನ್ನುವ ನಂಬಿಕೆಯ ಮೇಲೆ.

ಪೆಂಗ್ವಿನ್_ಪೇಟೆ
ಐಡಬ್ಲ್ಯೂ ರೆಗ್ ಗೆಟ್ ಕೊಟ್ಟಾಗ ಬರುವುದನ್ನು ಪೂರ್ತಿ ಹಾಕಿ. ಗ್ಲೋಬಲ್ ಕೆಳಗೆ ಇನ್ನೊಂದು ಭಾಗ ಇರುತ್ತದೆ, ಅದು ಮುಖ್ಯ.

ಅಡಿಕೆತೋಟ
ಹೌದು, ಇದೆ. ಫೈ#0 (ಸೆಲ್ಫ್-ಮ್ಯಾನೇಜ್ಡ್), ಕಂಟ್ರಿ 00. 5 ಗಿಗಾಹರ್ಟ್ಸ್ ಸಾಲುಗಳಲ್ಲೆಲ್ಲ ನೋ-ಐಆರ್ ಅಂತಿದೆ.

ಪೆಂಗ್ವಿನ್_ಪೇಟೆ
ಸಿಕ್ಕಿತು. ಸೆಲ್ಫ್-ಮ್ಯಾನೇಜ್ಡ್ ಅಂದರೆ ನೀವು ಕೊಟ್ಟ ಐಎನ್ ಅನ್ನು ಈ ವೈಫೈ ಕಾರ್ಡ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳಗಿರುವ ಮುಚ್ಚಿದ ಫರ್ಮ್‌ವೇರ್ (ಕಾರ್ಡ್‌ನ ಸ್ವಂತ ಸಾಫ್ಟ್‌ವೇರ್, ಸೋರ್ಸ್ ಸಿಗುವುದಿಲ್ಲ) ಸುತ್ತಮುತ್ತಲ ರೌಟರ್‌ಗಳು ಆಗಾಗ ಕಳಿಸುವ ಬೀಕನ್ ಸಂಕೇತ ಕೇಳಿ, ಯಾವ ದೇಶದಲ್ಲಿದ್ದೇನೆ ಅಂತ ತಾನೇ ತೀರ್ಮಾನಿಸುತ್ತದೆ. ಏನೂ ಕೇಳಿಸದಿದ್ದರೆ 00, ಅಂದರೆ ಎಲ್ಲ ದೇಶಕ್ಕೂ ಹೊಂದುವ ಬಿಗಿ ನಿಯಮ. ನೋ-ಐಆರ್ ಇದ್ದ ಚಾನೆಲ್‌ನಲ್ಲಿ ಕಾರ್ಡ್ ತಾನಾಗಿ ಮೊದಲು ಪ್ರಸಾರ ಶುರು ಮಾಡುವಂತಿಲ್ಲ. ಹಾಟ್‌ಸ್ಪಾಟ್ ಮಾಡಬೇಕಾದ್ದು ಅದನ್ನೇ ಅಲ್ವಾ? ಈಗ ಎಲ್ಲಿದ್ದೀರಿ? ಅಕ್ಕಪಕ್ಕ ಬೇರೆ ವೈಫೈ ಕಾಣುತ್ತದೆಯಾ?

ಅಡಿಕೆತೋಟ
ಶಿರಸಿ ಹತ್ತಿರ, ತೋಟದ ಮನೆ. ಪಕ್ಕದ ಮನೆಯೇ ದೂರ. ಹೋದ ತಿಂಗಳು ಬೆಂಗಳೂರಿನ ರೂಮಿನಲ್ಲಿದ್ದೆ. ಇದಕ್ಕೂ ಅದಕ್ಕೂ ಸಂಬಂಧ ಇರುತ್ತದೆ ಅಂತ ಯಾರಿಗೆ ಗೊತ್ತಿರುತ್ತದೆ!

ಕರ್ನಲ್_ಕಾಕಾ
ಆದರೂ ಡಿಮೆಸೇಜ್ ಒಮ್ಮೆ ನೋಡಿ.

ಮುಕ್ತಮನ
ದುಡ್ಡು ಕೊಟ್ಟು ತಂದ ಕಾರ್ಡ್ ನಮ್ಮ ಮಾತು ಕೇಳುವುದಿಲ್ಲ. ಈ ಕಥೆ ಹಳೆಯದು. 2006ರಲ್ಲಿ ಇಂಟೆಲ್ 3945 ಕಾರ್ಡ್‌ನ ಲಿನಕ್ಸ್ ಡ್ರೈವರ್ ಜೊತೆ ಒಂದು ಮುಚ್ಚಿದ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಓಡಿಸಲೇಬೇಕಿತ್ತು. ಆಗಲೂ ರೇಡಿಯೊ ನಿಯಮದ ಕಾರಣವನ್ನೇ ಕೊಟ್ಟಿದ್ದರು. ಆಮೇಲೆ ಆ ಕೆಲಸ ಫರ್ಮ್‌ವೇರ್ ಒಳಗೆ ಹೋಯಿತು. ಡ್ರೈವರ್ ಮುಕ್ತವಾಯಿತು, ಬೀಗ ಇನ್ನೊಂದು ಕೋಣೆಗೆ ಹೋಯಿತು.

ತರಂಗ_ಹ್ಯಾಮ್
ತಯಾರಕರು ಹಾಗೆ ಮಾಡಿದ್ದು ನಿಯಂತ್ರಕರ ಭಯದಿಂದ. ಎಲ್ಲರೂ ವೇಗದೂತರ ಹಾಗೆ ಕೋಡ್ ಬದಲಾಯಿಸಿದರೆ ಅವರು ಏನು ಮಾಡಬೇಕು?

ಮುಕ್ತಮನ
ಇಡೀ ಸಾಫ್ಟ್‌ವೇರ್‌ಗೆ ಬೀಗ ಹಾಕಿ ಅಂತ ನಿಯಮದಲ್ಲಿ ಇಲ್ಲ. 2016ರಲ್ಲಿ ಅಮೆರಿಕದ ರೇಡಿಯೊ ನಿಯಂತ್ರಕ ಎಫ್‌ಸಿಸಿ ಜೊತೆ ರಾಜಿ ಮಾಡಿಕೊಂಡ ರೌಟರ್ ಕಂಪನಿ ಟಿಪಿ-ಲಿಂಕ್ 2 ಲಕ್ಷ ಡಾಲರ್ ಕಟ್ಟಿತು. ಜೊತೆಗೆ, ಬೇರೆಯವರ ಫರ್ಮ್‌ವೇರ್ ಹಾಕಲು ಅವಕಾಶ ಕೊಡುವ ದಾರಿ ಹುಡುಕುತ್ತೇವೆ ಅಂತಲೂ ಒಪ್ಪಿಕೊಂಡಿತು. ಪವರ್ ಮಿತಿ ಕಾಯಬೇಕು, ನಿಜ. ಅದಕ್ಕೆ ಇಡೀ ಕಾರ್ಡ್ ಮುಚ್ಚಬೇಕಾಗಿಲ್ಲ.

ಪೆಂಗ್ವಿನ್_ಪೇಟೆ
ವಾದ ಬೇರೆ ಥ್ರೆಡ್‌ನಲ್ಲಿ ಮಾಡಿ. ಅಡಿಕೆತೋಟ ಅವರೇ, ಮನೆಯಲ್ಲಿ ಹಳೇ ರೌಟರ್ ಇದ್ದರೆ ಕಂಟ್ರಿ ಇಂಡಿಯಾ ಅಂತ ಇಟ್ಟು ಆನ್ ಮಾಡಿ. 2.4 ಮಾತ್ರ ಇದ್ದರೂ ನಡೆಯುತ್ತದೆ. ಒಂದು ಸ್ಕ್ಯಾನ್ ಕೊಟ್ಟು, ಕೂಡಲೇ ಹೋಸ್ಟ್‌ಎಪಿಡಿ ಶುರು ಮಾಡಿ.

ಅಡಿಕೆತೋಟ
ಬಂತು!! ಅಟ್ಟದಿಂದ ರೌಟರ್ ಇಳಿಸಿ ಹಚ್ಚಿದೆ. ಸ್ಕ್ಯಾನ್ ಆದ ಮೇಲೆ ಫೈ#0 ಐಎನ್ ಆಯಿತು, 36ರಲ್ಲಿ ನೋ-ಐಆರ್ ಹೋಯಿತು, ಹಾಟ್‌ಸ್ಪಾಟ್ ಎದ್ದಿತು. ತುಂಬಾ ಥ್ಯಾಂಕ್ಸ್. ಆದರೆ ರೌಟರ್ ಆಫ್ ಮಾಡಿ ಲ್ಯಾಪ್‌ಟಾಪ್ ರೀಬೂಟ್ ಮಾಡಿದರೆ ಮತ್ತೆ 00. ಶಾಶ್ವತವಾಗಿ ಮಾಡಲು ಆಗುವುದಿಲ್ಲವಾ?

ವೇಗದೂತ
ನನ್ನ ಮನೆಯಲ್ಲಿ ಮೂರೂ ಮಹಡಿಯ ರೌಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಮುಕ್ತ ಫರ್ಮ್‌ವೇರ್ ಹಾಕಿದ್ದೇನೆ. ಛಾವಣಿಯ ಮೇಲೂ ಒಂದು ಇದೆ. ಫೋಟೊ ಹಾಕಲಾ?

ಪೆಂಗ್ವಿನ್_ಪೇಟೆ
ಈ ಕಾರ್ಡ್‌ನಲ್ಲಿ ಕಷ್ಟ. ಎಂಟಿ76 ಡ್ರೈವರ್‌ನ ಯುಎಸ್‌ಬಿ ವೈಫೈ ಡಾಂಗಲ್ ತೊಗೊಳ್ಳಿ, ಎಂಟಿ7612ಯು ಚಿಪ್ ಇರುವಂಥದ್ದು. ಅದು ಸೆಲ್ಫ್-ಮ್ಯಾನೇಜ್ಡ್ ಅಲ್ಲ, ನೀವು ಕೊಟ್ಟ ಐಎನ್ ಅನ್ನೇ ಪಾಲಿಸುತ್ತದೆ.

ಮುಕ್ತಮನ
ಅದರ ಫರ್ಮ್‌ವೇರೂ ಮುಚ್ಚಿದ್ದೇ. ಪೂರ್ತಿ ಮುಕ್ತ ಬೇಕಾದರೆ ಎಆರ್9271 ಚಿಪ್ ಇದೆ, ಫರ್ಮ್‌ವೇರ್ ಸೋರ್ಸೂ ಸಿಗುತ್ತದೆ.

ಪೆಂಗ್ವಿನ್_ಪೇಟೆ
ಅದರಲ್ಲಿ 2.4 ಮಾತ್ರ ಇರುವುದು. ಅವರು ಕೇಳುತ್ತಿರುವುದು 5.

ಅಡಿಕೆತೋಟ
ಡಾಂಗಲ್ ಶಿರಸಿಯ ಅಂಗಡಿಯಲ್ಲಿ ಕೇಳಿದೆ. ಡಬ್ಬಿಯ ಮೇಲೆ ಚಿಪ್ ಹೆಸರೇ ಇಲ್ಲ. ತೊಗೊಳ್ಳುವ ಮುಂಚೆ ಒಳಗೆ ಯಾವ ಚಿಪ್ ಇದೆ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?